ಹೆಪ್ಪು ಯಾರ ಮನೆಯದು?

ಹಾಸ್ಟೆಲ್‌ನಲ್ಲಿ ಇರೋರಿಗೆಲ್ಲ ಗೊತ್ತಿರೋ ಒಂದು ವಾದ ಇದೆ. ಮೆಸ್ ಊಟ ಸುಧಾರಿಸಬೇಕು ಅಂದ್ರೆ ಮೆಸ್ ನಡೆಸೋರೂ ದಿನಾ ಇಲ್ಲೇ ಉಣ್ಣಬೇಕು. ಸಾಂಬಾರಿನಲ್ಲಿ ನೀರೆಷ್ಟು, ಬೇಳೆಯೆಷ್ಟು ಅನ್ನೋದು ತಮ್ಮ ತಟ್ಟೆಗೆ ಬಿದ್ದಾಗಲೇ ತಿಳಿಯೋದು. ಪ್ರೋಗ್ರಾಮಿಂಗ್ ಭಾಷೆಗಳ ಲೋಕದಲ್ಲೂ ಇದೇ ವಾದ ಬೇರೆ ವೇಷದಲ್ಲಿ ಓಡಾಡ್ತಿದೆ. ಭಾಷೆ ಕಟ್ಟಿದವರು ಅದರ ಕಂಪೈಲರನ್ನೂ ಅದರ ಸುತ್ತಲಿನ ಟೂಲ್‌ಗಳನ್ನೂ ಅದೇ ಭಾಷೆಯಲ್ಲಿ ಬರೀಬೇಕು. ತಾವು ಮಾಡಿದ ಅಡುಗೆ ತಾವೇ ಉಣ್ಣದೆ ಬೇರೆಯವರಿಗೆ ಬಡಿಸೋದು ಯಾವ ನ್ಯಾಯ?

ಕೇಳೋಕೆ ಸರಿಯಾಗೇ ಇದೆ. ಆದರೆ ಈ ಸೆಮಿಸ್ಟರ್‌ನಲ್ಲಿ ಈ ಪ್ರಶ್ನೆ ನೇರವಾಗಿ ನಮ್ಮ ತಲೆ ಮೇಲೇ ಬಂದು ಕೂತಿತು. ಸ್ವಲ್ಪ ಓದಿ, ಬಹಳ ಜಗಳ ಆಡಿ, ಕೊನೆಗೆ ನಾವೊಂದು ತೀರ್ಮಾನಕ್ಕೆ ಬಂದಿದ್ದೇವೆ. ಅದನ್ನು ಇಲ್ಲಿ ನಿಮ್ಮ ಮುಂದೆ ಇಡ್ತಿದ್ದೇವೆ.

ನಾವು ಅಂದ್ರೆ ಮೂರು ಜನ. ಇಬ್ಬರು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಮೂರನೆಯವನು ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಕನ್ನಡ ಶಾಲೆ, ಆಮೇಲೆ ಡಿಪ್ಲೊಮಾ, ಈಗ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಬಂದವನು. ಡಿಪ್ಲೊಮಾದ ಮೊದಲ ಸಿ ಲ್ಯಾಬ್‌ನಲ್ಲಿ ಅವನಿಗೆ ತೊಡಕಾಗಿದ್ದು ಲಾಜಿಕ್ ಅಲ್ಲ. ಸಮ ಸಂಖ್ಯೆ, ಬೆಸ ಸಂಖ್ಯೆ, ಅವಿಭಾಜ್ಯ ಸಂಖ್ಯೆ, ಮ.ಸಾ.ಅ. ಎಲ್ಲವೂ ಅವನಿಗೆ ಬಾಯಿಪಾಠ. ಆದರೆ ಸ್ಕ್ರೀನ್ ಮೇಲೆ ಬರೋ ಎರರ್ ಮೆಸೇಜ್ ಏನು ಬೈಯ್ತಿದೆ ಅನ್ನೋದೇ ತಿಳೀತಿರಲಿಲ್ಲವಂತೆ. ಅವನು ಇದನ್ನು ಹೇಳಿದ ದಿನವೇ ನಮ್ಮ ಮಿನಿ ಪ್ರಾಜೆಕ್ಟ್ ಯಾವುದು ಅಂತ ತೀರ್ಮಾನ ಆಯ್ತು. ಮೊದಲ ವರ್ಷದ ಲ್ಯಾಬ್ ಪ್ರೋಗ್ರಾಂಗಳನ್ನು ಕನ್ನಡದಲ್ಲಿ ಬರೆದು ಓಡಿಸಬಹುದಾದ ಒಂದು ಪುಟ್ಟ ಭಾಷೆ.

ಹೆಸರಿನ ವಿಷಯದಲ್ಲಿ ಮೂರು ಜನ ಮೂರು ದಿಕ್ಕಾದ್ದರಿಂದ ಅದಕ್ಕೆ ಇನ್ನೂ ನಾಮಕರಣ ಆಗಿಲ್ಲ. ಆದರೆ ನೋಡೋಕೆ ಹೀಗಿದೆ:

ಸಂಖ್ಯೆ ಕೇಳು
ಸಂಖ್ಯೆ ಶೇಷ 2 = 0 ಆದರೆ "ಸಮ" ಹೇಳು
ಇಲ್ಲದಿದ್ದರೆ "ಬೆಸ" ಹೇಳು

ಇಂಗ್ಲಿಷ್ ಪದಗಳ ಜಾಗಕ್ಕೆ ಕನ್ನಡ ಪದ ತುಂಬಿಸಿ ಕೈತೊಳೆದುಕೊಳ್ಳೋದು ನಮಗೆ ಬೇಡವಾಗಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, 'ಆದರೆ' ಅನ್ನೋದು ಷರತ್ತಿನ ಹಿಂದೆ ಬರುತ್ತೆ. ಹಾಗಾಗಿ ಪಾರ್ಸರನ್ನೂ ಹಾಗೇ ಬರೆದೆವು. ಭಾಗಾಕಾರದಲ್ಲಿ ಉಳಿಯೋದಕ್ಕೆ 'ಶೇಷ' ಅನ್ನೋ ಪದ ಕೊಟ್ಟವನು ನಮ್ಮ ಮೂರನೆಯವನು. ನಮ್ಮಿಬ್ಬರಿಗೆ ಆ ಪದ ಹೊಸದು. ಅವನ ಊರಿನ ಐದನೇ ಕ್ಲಾಸಿನ ಮಕ್ಕಳಿಗೆ ಹಳೇದು.

ಈ ಭಾಷೆಯ ಇಂಟರ್‌ಪ್ರಿಟರನ್ನು ಪೈಥಾನ್‌ನಲ್ಲಿ ಬರೆದೆವು. ಡಿಪಾರ್ಟ್‌ಮೆಂಟಿನ ಪ್ರಾಜೆಕ್ಟ್ ಪ್ರದರ್ಶನದ ದಿನ ಒಬ್ಬ ಸೀನಿಯರ್ ಬಂದು, ಐದು ನಿಮಿಷ ಆಡಿ ನೋಡಿ, "ಚೆನ್ನಾಗಿದೆ ಕಣ್ರೋ. ಇದನ್ನ ಇದರಲ್ಲೇ ಬರೆದಿದ್ದೀರಾ?" ಅಂತ ಕೇಳಿದರು. ಇಲ್ಲ ಅಣ್ಣ, ಪೈಥಾನ್ ಅಂದೆವು. "ಹಾಗಾದ್ರೆ ಇದು ಭಾಷೆ ಅಲ್ಲ, ಪೈಥಾನ್‌ಗೆ ಹಚ್ಚಿದ ಕನ್ನಡ ಬಣ್ಣ" ಅಂದು ಮುಂದಿನ ಟೇಬಲ್ಲಿಗೆ ಹೋದರು. ಫೈನಲ್ ಡೆಮೊಗೆ ಆಗ ಎಂಟು ವಾರ ಬಾಕಿ ಇತ್ತು. ಆ ಎಂಟು ವಾರದಲ್ಲಿ ನಮ್ಮ ಭಾಷೆಯನ್ನು ಅದರಲ್ಲೇ ಮತ್ತೆ ಬರೆಯೋದಾ, ಬೇರೆ ಕೆಲಸ ಮಾಡೋದಾ? ಎರಡಕ್ಕೂ ಟೈಮ್ ಇರಲಿಲ್ಲ. ಮೊದಲನೆಯದು ರೆಸ್ಯೂಮೆಯಲ್ಲಿ ಮಿಂಚುತ್ತೆ. ಎರಡನೆಯದು ಯಾರಿಗೆ ಬೇಕು ಅನ್ನೋದೇ ಆ ಹೊತ್ತಿಗೆ ಸ್ಪಷ್ಟ ಇರಲಿಲ್ಲ.

ಮೊದಲು ಒಂದು ಸಂಶಯ ಬಗೆಹರಿಸೋಣ. ಒಂದು ಭಾಷೆಯ ಕಂಪೈಲರನ್ನು ಅದೇ ಭಾಷೆಯಲ್ಲಿ ಬರೆದರೆ, ಆ ಕಂಪೈಲರನ್ನು ಕಂಪೈಲ್ ಮಾಡೋರು ಯಾರು? ಕಂಪ್ಯೂಟರ್ ಸೈನ್ಸ್ ಅಲ್ಲದ ಬ್ರ್ಯಾಂಚಿನ ಗೆಳೆಯರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆಯೇ ಇದು. ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ಮೊಸರು ಮಾಡೋಕೆ ಮೊಸರು ಬೇಕು. ನಿನ್ನೆಯ ಮೊಸರಲ್ಲಿ ಒಂದು ಚಮಚ ಎತ್ತಿಟ್ಟು ಇವತ್ತಿನ ಹಾಲಿಗೆ ಹೆಪ್ಪು ಹಾಕ್ತಾರೆ. ಹೆಪ್ಪು ಮುಗಿದು ಹೋದರೆ ಪಕ್ಕದ ಮನೆಯಿಂದ ತರ್ತಾರೆ. ಕಂಪೈಲರ್‌ಗಳ ಕಥೆಯೂ ಇಷ್ಟೇ. ಮೊದಲ ಸಲ ಬೇರೆ ಭಾಷೆಯಿಂದ ಹೆಪ್ಪು ತರಬೇಕು; ಅಲ್ಲಿಂದ ಮುಂದೆ ಪ್ರತಿ ಹೊಸ ಕಂಪೈಲರನ್ನು ಹಿಂದಿನ ಕಂಪೈಲರ್ ಕಂಪೈಲ್ ಮಾಡುತ್ತೆ.

ಇದು ಹೊಸ ಹುಚ್ಚೇನಲ್ಲ. 1962ರಲ್ಲೇ ಎಂಐಟಿಯಲ್ಲಿ ಟಿಮ್ ಹಾರ್ಟ್ ಮತ್ತು ಮೈಕ್ ಲೆವಿನ್ ಲಿಸ್ಪ್ ಭಾಷೆಯ ಕಂಪೈಲರನ್ನು ಲಿಸ್ಪ್‌ನಲ್ಲೇ ಬರೆದು, ಆಗಲೇ ಇದ್ದ ಲಿಸ್ಪ್ ಇಂಟರ್‌ಪ್ರಿಟರ್ ಒಳಗೆ ಅದನ್ನು ಓಡಿಸಿ, ಅದರ ಕೈಯಲ್ಲಿ ಅದನ್ನೇ ಕಂಪೈಲ್ ಮಾಡಿಸಿದರು. ಪಾಸ್ಕಲ್ ಕಟ್ಟಿದ ನಿಕ್ಲಾಸ್ ವಿರ್ತ್ ಅವರ ಅನುಭವ ಇನ್ನೂ ಸ್ವಾರಸ್ಯ. ಜೂರಿಕ್‌ನಲ್ಲಿ ಪಾಸ್ಕಲ್‌ನ ಮೊದಲ ಕಂಪೈಲರನ್ನು ಫೋರ್ಟ್ರಾನ್‌ನಲ್ಲಿ ಬರೆಯೋಕೆ ಹೊರಟು ಕೈಬಿಟ್ಟರು. ಪಾಸ್ಕಲ್‌ನ ರೀತಿಯ ಡೇಟಾ ರಚನೆಗಳು ಫೋರ್ಟ್ರಾನ್‌ನಲ್ಲಿ ಇರಲಿಲ್ಲ. ಎರಡನೇ ಸಲ ಪಾಸ್ಕಲ್‌ನಲ್ಲೇ ಬರೆದು, ಅದನ್ನು ಕೈಯಿಂದಲೇ ಕೆಳಮಟ್ಟದ ಇನ್ನೊಂದು ಭಾಷೆಗೆ ಅನುವಾದಿಸಿ ಮೊದಲ ಹೆಪ್ಪು ಹಾಕಿದರು. ಆಮೇಲೆ ವಿರ್ತ್ ಅವರ ಬಳಗದಲ್ಲಿ ಒಂದು ಅಳತೆಗೋಲೇ ಹುಟ್ಟಿಕೊಂಡಿತು. ಕಂಪೈಲರ್‌ಗೆ ಯಾವುದಾದರೂ ಹೊಸ ಆಪ್ಟಿಮೈಸೇಶನ್ ಸೇರಿಸಿದರೆ, ಕಂಪೈಲರ್ ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳೋ ಸಮಯ ಅದರಿಂದ ಕಡಿಮೆ ಆಗಬೇಕು. ಆಗದಿದ್ದರೆ ಆ ಚಮತ್ಕಾರ ತನ್ನ ಖರ್ಚನ್ನೂ ತಾನು ದುಡಿಯಲಿಲ್ಲ ಅಂತ ಅರ್ಥ, ಅದು ಬೇಡ.

ಇದೊಂದೇ ಸಾಕು ನಮ್ಮ ಸೀನಿಯರ್ ಪರವಾಗಿ ವಾದ ಮಾಡೋಕೆ. ಬಳಸುವವನ ಕಷ್ಟ ಕಟ್ಟುವವನಿಗೆ ತಾನಾಗೇ ಮುಟ್ಟುವ ವ್ಯವಸ್ಥೆ ಇದು. ರಸ್ಟ್ ಕೂಡ ಇದೇ ದಾರಿ ಹಿಡಿಯಿತು. ಗ್ರೇಡನ್ ಹೋರ್ ಬರೆದ ಮೊದಲ ಕಂಪೈಲರ್ ಓಕ್ಯಾಮಲ್‌ನಲ್ಲಿತ್ತು, 2011ರಲ್ಲಿ ರಸ್ಟ್ ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ತು, 1.0 ಆವೃತ್ತಿ ಬಂದಿದ್ದು 2015ರಲ್ಲಿ. ನಡುವಿನ ನಾಲ್ಕು ವರ್ಷ ಭಾಷೆ ಒಂದೇ ಸಮನೆ ಬದಲಾಗ್ತಿತ್ತು, ಪ್ರತಿ ಬದಲಾವಣೆಯ ಏಟು ಮೊದಲು ಬೀಳ್ತಿದ್ದದ್ದು ಕಟ್ಟುವವರ ಸ್ವಂತ ಕೋಡ್ ಮೇಲೆ. ಇನ್ನೊಂದು ಲಾಭವೂ ಇದೆ. ಕಂಪೈಲರ್ ಅದೇ ಭಾಷೆಯಲ್ಲಿದ್ದರೆ ಆ ಭಾಷೆ ಕಲಿತ ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದು, ರಿಪೇರಿ ಮಾಡಬಹುದು. ಅಡುಗೆಮನೆ ಬಾಗಿಲು ತೆರೆದಿಟ್ಟ ಹಾಗೆ.

ಹೆಪ್ಪಿನ ವಿಷಯ ಬಂದಾಗ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಒಂದು ಮೈ ಜುಮ್ಮೆನ್ನಿಸೋ ಲೆಕ್ಕ ಬಿಡಿಸಿದ್ದರು. ಅದು ಅಚ್ಚಾಗಿದ್ದು 1984ರಲ್ಲಿ. ಕಂಪೈಲರ್‌ನ ಬೈನರಿ ಒಳಗೆ ಒಂದು ಕಳ್ಳಬಾಗಿಲು ಇಟ್ಟು, ಮುಂದೆ ಆ ಕಂಪೈಲರ್ ತನ್ನದೇ ಹೊಸ ಆವೃತ್ತಿಯನ್ನು ಕಂಪೈಲ್ ಮಾಡುವಾಗ ಆ ಬಾಗಿಲನ್ನು ಸದ್ದಿಲ್ಲದೆ ಅದರೊಳಗೂ ಇಡುವಂತೆ ಮಾಡಬಹುದು. ಸೋರ್ಸ್ ಕೋಡ್ ಓದಿದರೆ ಎಲ್ಲೂ ಒಂದಕ್ಷರವೂ ಕಾಣೋದಿಲ್ಲ. ಹಾಲು ಶುದ್ಧವಾಗೇ ಇದೆ, ಕೆಟ್ಟಿರೋದು ಹೆಪ್ಪು. ಇವತ್ತಿನ ಮೊಸರು, ನಾಳೆಯ ಮೊಸರು, ನಾಡಿದ್ದಿನ ಮೊಸರು ಎಲ್ಲಕ್ಕೂ ಅದೇ ಹೆಪ್ಪು. ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳೋ ಕಂಪೈಲರ್ ಅಂದರೆ ಸ್ವಾವಲಂಬನೆ ಅಂತ ನಾವು ಅಂದುಕೊಳ್ಳೋದು ಸಹಜ. ಥಾಂಪ್ಸನ್ ತೋರಿಸಿದ್ದು, ಅದರೊಳಗೂ ಹಿಂದಿನವರ ಮೇಲಿನ ನಂಬಿಕೆ ಇದ್ದೇ ಇರುತ್ತೆ ಅಂತ.

ಈಗ ಇನ್ನೊಂದು ಪಕ್ಷ. ಅದೇ ಥಾಂಪ್ಸನ್, ರಾಬ್ ಪೈಕ್ ಮತ್ತು ರಾಬರ್ಟ್ ಗ್ರೀಸೆಮರ್ ಜೊತೆ ಸೇರಿ ಗೂಗಲ್‌ನಲ್ಲಿ ಕಟ್ಟಿದ ಭಾಷೆ ಗೋ. 2009ರಲ್ಲಿ ಅದು ಹೊರಬಂದಾಗ ಅದರ ಕಂಪೈಲರ್ ಇದ್ದದ್ದು ಸಿ ಭಾಷೆಯಲ್ಲಿ. ಆರು ವರ್ಷ ಹಾಗೇ ನಡೀತು. 2015ರ ಆಗಸ್ಟ್‌ನಲ್ಲಿ ಬಂದ 1.5 ಆವೃತ್ತಿಯಲ್ಲಿ ಕಂಪೈಲರ್ ಗೋಗೆ ಬದಲಾಯಿತು. ಅದನ್ನೂ ಕೂತು ಹೊಸದಾಗಿ ಬರೆದದ್ದಲ್ಲ. ಸಿ ಕೋಡನ್ನು ಗೋಗೆ ಅನುವಾದಿಸೋ ಒಂದು ಪ್ರೋಗ್ರಾಂ ಮಾಡಿಕೊಂಡು ಅದರಿಂದ ಬದಲಾಯಿಸಿದರು. ಕಂಪೈಲ್ ಆಗೋ ಸಮಯ ಆ ಆವೃತ್ತಿಯಲ್ಲಿ ಸುಮಾರು ಎರಡು ಪಟ್ಟಾಯ್ತು ಅಂತ ಅವರೇ ಬರೆದುಕೊಂಡರು. ಇಷ್ಟು ತಡ ಯಾಕೆ ಮಾಡಿದಿರಿ ಅನ್ನೋದಕ್ಕೆ ಅವರ ಉತ್ತರ ನಮಗೆ ಬಹಳ ಹಿಡಿಸಿತು. ಗೋ ಹುಟ್ಟಿದ್ದು ನೆಟ್‌ವರ್ಕ್ ಸರ್ವರ್‌ಗಳನ್ನು ಬರೆಯೋಕೆ. ಮೊದಲ ದಿನದಿಂದಲೇ ಕಂಪೈಲರನ್ನು ಅದರಲ್ಲೇ ಬರೆಯೋಕೆ ಹೊರಟಿದ್ದರೆ, ಭಾಷೆ ಕಂಪೈಲರ್ ಬರೆಯುವವರಿಗೆ ಹೊಂದುವಂತೆ ವಾಲಿಬಿಡುವ ಸಾಧ್ಯತೆ ಇತ್ತು.

ಇದನ್ನು ಮೆಸ್‌ಗೆ ಅನ್ವಯಿಸಿ ನೋಡಿ. ಅಡುಗೆಯವರು ಅಲ್ಲೇ ಉಣ್ಣೋದು ಒಳ್ಳೇದೇ. ಆದರೆ ಅವರು ಖಾರ ತಿನ್ನದವರಾದರೆ? ಮೂರು ತಿಂಗಳಲ್ಲಿ ಇಡೀ ಹಾಸ್ಟೆಲ್ ಸಪ್ಪೆ ಸಾರು ಕುಡೀತಿರುತ್ತೆ. ರುಚಿ ನೋಡುವವನ ನಾಲಗೆ ಯಾವುದೋ, ಅಡುಗೆಯ ರುಚಿಯೂ ಅದೇ ಆಗ್ತಾ ಹೋಗುತ್ತೆ.

ವೇಗದ ಪ್ರಶ್ನೆಯೂ ಇದೆ. ಟೈಪ್‌ಸ್ಕ್ರಿಪ್ಟ್ 2012ರಲ್ಲಿ ಬಂತು. ಅದರ ಕಂಪೈಲರ್ ಟೈಪ್‌ಸ್ಕ್ರಿಪ್ಟ್‌ನಲ್ಲೇ ಇತ್ತು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ತಮ್ಮ ಅಡುಗೆ ತಾವೇ ಉಂಡ ತಂಡ ಅದು. 2025ರ ಮಾರ್ಚ್‌ನಲ್ಲಿ ಆಂಡರ್ಸ್ ಹೈಲ್ಸ್‌ಬರ್ಗ್ ಕಂಪೈಲರನ್ನು ಗೋ ಭಾಷೆಗೆ ಬದಲಾಯಿಸ್ತಿದ್ದೇವೆ ಅಂತ ಘೋಷಿಸಿದರು. ನಾವೆಲ್ಲ ಬಳಸೋ ವಿಎಸ್ ಕೋಡ್‌ನ ಸುಮಾರು 15 ಲಕ್ಷ ಸಾಲುಗಳ ಕೋಡನ್ನು ಪರಿಶೀಲಿಸೋಕೆ ಹಿಂದೆ 77.8 ಸೆಕೆಂಡ್ ಬೇಕಿತ್ತು, ಹೊಸದಕ್ಕೆ 7.5 ಸೆಕೆಂಡ್ ಸಾಕಾಯ್ತು. ಪೈಥಾನ್ ಕಡೆಯೂ ಹಾಗೇ. ಪೈಥಾನ್‌ನ ಮುಖ್ಯ ಇಂಟರ್‌ಪ್ರಿಟರ್ ಮೊದಲಿನಿಂದಲೂ ಸಿ ಭಾಷೆಯಲ್ಲಿದೆ. ಈಗ ಜನ ಮುಗಿಬಿದ್ದು ಬಳಸ್ತಿರೋ ರಫ್, ಯುವಿ ತರಹದ ಪೈಥಾನ್ ಟೂಲ್‌ಗಳು ರಸ್ಟ್‌ನಲ್ಲಿವೆ. ಇದರಿಂದ ಪೈಥಾನ್ ಭಾಷೆಯೇ ಅಲ್ಲ ಅಂತ ಯಾರಾದರೂ ಅಂದರೆ ನಮ್ಮ ಡೇಟಾ ಸೈನ್ಸ್ ಮೇಡಂ ಇಂಟರ್ನಲ್ಸ್‌ನಲ್ಲಿ ಅಂಕ ಕೊಡ್ತಾರಾ?

ನಮ್ಮ ಭಾಷೆಗಂತೂ ಈ ಲೆಕ್ಕ ಇನ್ನೂ ಕಠೋರ. ನಮ್ಮದು ಪೈಥಾನ್ ಮೇಲೆ ಕೂತ ಇಂಟರ್‌ಪ್ರಿಟರ್. ಅದರ ಮೇಲೆ ನಮ್ಮದೇ ಭಾಷೆಯ ಇನ್ನೊಂದು ಇಂಟರ್‌ಪ್ರಿಟರ್ ಕೂರಿಸಿದರೆ, 'ಸಮ' ಅಂತ ಹೇಳಿಸೋಕೂ ಒಂದರ ಹೆಗಲ ಮೇಲೊಂದು ಕೂತು ನಡೆಯಬೇಕು. ಜೊತೆಗೆ ಅದನ್ನು ಬರೆಯೋಕೆ ನಮ್ಮ ಭಾಷೆಗೆ ರಿಕರ್ಷನ್, ಡಿಕ್ಷನರಿ, ಸ್ಟ್ರಿಂಗ್ ತುಂಡರಿಸೋ ನೂರು ಬಗೆ ಎಲ್ಲ ಸೇರಿಸಬೇಕು. ಮೊದಲ ಸಲ ಪ್ರೋಗ್ರಾಂ ಬರೀತಿರೋ ಹುಡುಗಿಗೆ ಇದರಲ್ಲಿ ಯಾವುದೂ ಬೇಡ.

ಇಲ್ಲಿಗೆ ನಮ್ಮ ವಾದ ಮುಗಿಯಬಹುದಿತ್ತು. ಮುಗಿಯಲಿಲ್ಲ, ಯಾಕೆ ಅಂದರೆ ಇದೇ ಗೋ ಭಾಷೆಯಲ್ಲಿ ನಮಗೆ ಇನ್ನೊಂದು ವಿಷಯ ಸಿಕ್ಕಿತು.

ವೇಗಕ್ಕಾಗಿ ನಮ್ಮ ಇಂಟರ್‌ಪ್ರಿಟರನ್ನು ಗೋದಲ್ಲಿ ಬರೆದರೆ ಹೇಗೆ ಅಂತ ಒಂದು ವಾರ ಯೋಚಿಸಿದ್ದೆವು. ಕುತೂಹಲಕ್ಕೆ ಗೋದಲ್ಲಿ ಕನ್ನಡ ಹೆಸರಿನ ವೇರಿಯಬಲ್ ಇಟ್ಟು ನೋಡಿದೆವು. 'ಹಣ' ಅಂತ ಇಟ್ಟರೆ ಓಡುತ್ತೆ. 'ದುಡ್ಡು' ಅಂತ ಇಟ್ಟರೆ ಓಡಲ್ಲ! 'ನಗರ' ಆಗುತ್ತೆ, 'ಊರು' ಆಗಲ್ಲ. 'ಜನ' ಆಗುತ್ತೆ, 'ಮೊತ್ತ' ಆಗಲ್ಲ. ಕಾರಣ ಇಷ್ಟೇ. ಗೋದಲ್ಲಿ ಹೆಸರು ಅಂದರೆ ಯೂನಿಕೋಡ್ 'ಅಕ್ಷರ' ಅಂತ ಗುರುತಿಸಿದ್ದು ಮತ್ತು ಅಂಕಿ, ಅಡಿಗೆರೆ ಅಷ್ಟೇ. ನಮ್ಮ ಕೊಂಬು, ಗುಡಿಸು, ಏತ್ವ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ ಇವೆಲ್ಲ ಯೂನಿಕೋಡ್ ಪಟ್ಟಿಯಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟಿಕೊಳ್ಳೋ ಚಿಹ್ನೆಗಳು. ಹಾಗಾಗಿ ಕಾಗುಣಿತ ಇಲ್ಲದ ಕನ್ನಡ ಮಾತ್ರ ಅಲ್ಲಿ ನಡೆಯುತ್ತೆ. ಸಾಲದ್ದಕ್ಕೆ, ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೆ ಕಾಣಬೇಕಾದ ಹೆಸರು ಗೋದಲ್ಲಿ ದೊಡ್ಡಕ್ಷರದಿಂದ ಶುರುವಾಗಬೇಕು. ಕನ್ನಡಕ್ಕೆ ದೊಡ್ಡಕ್ಷರವೇ ಇಲ್ಲ! ಮುಂದೆ ಒಂದು ಇಂಗ್ಲಿಷ್ ಅಕ್ಷರ ಅಂಟಿಸದೆ ನಮ್ಮ 'ಹಣ' ಮನೆಯಿಂದ ಹೊರಗೇ ಹೋಗೋ ಹಾಗಿಲ್ಲ.

ಇದು ಅಜ್ಞಾನದಿಂದ ಆದದ್ದಲ್ಲ. ಜಗತ್ತಿನ ಎಲ್ಲ ಲಿಪಿಗಳನ್ನೂ ಸಾಗಿಸೋ ಯುಟಿಎಫ್-8 ವಿಧಾನವನ್ನು 1992ರಲ್ಲಿ ರೂಪಿಸಿದವರೇ ಥಾಂಪ್ಸನ್ ಮತ್ತು ಪೈಕ್. ನಿಯಮ ಸರಳವಾಗಿರಲಿ ಅಂತ ಅಂಟುಚಿಹ್ನೆಗಳನ್ನು ಬೇಕೆಂದೇ ಬಿಟ್ಟಿದ್ದೇವೆ, ಇದರಿಂದ ದೇವನಾಗರಿಯಂಥವು ಹೊರಗುಳೀತವೆ ಅಂತ ಗೋ ತಂಡವೇ ತನ್ನ ಪ್ರಶ್ನೋತ್ತರದಲ್ಲಿ ಹೇಳಿದೆ. ಪೈಥಾನ್ 2008ರ 3.0ರಿಂದಲೇ, ರಸ್ಟ್ 2021ರ 1.53ರಿಂದ ಇಂಥ ಹೆಸರುಗಳನ್ನು ಒಪ್ಪಿಕೊಂಡಿವೆ. ಅಲ್ಲಿ 'ದುಡ್ಡು' ಧಾರಾಳವಾಗಿ ಓಡುತ್ತೆ.

ನಮಗೆ ತಟ್ಟಿದ್ದು ಬೇರೆಯದೇ. 2015ರಿಂದ ಗೋ ಕಂಪೈಲರ್ ಗೋದಲ್ಲೇ ಇದೆ. ಅಷ್ಟು ವರ್ಷದಿಂದ ಕಟ್ಟಿದವರು ತಮ್ಮ ಅಡುಗೆ ತಾವೇ ಉಣ್ತಿದ್ದಾರೆ. ಆದರೂ 'ದುಡ್ಡು' ಸಮಸ್ಯೆ ಆ ಊಟದಲ್ಲಿ ಒಮ್ಮೆಯೂ ಹಲ್ಲಿಗೆ ಸಿಕ್ಕ ಕಲ್ಲಾಗಲಿಲ್ಲ. ಕಂಪೈಲರ್‌ನ ಕೋಡ್‌ನಲ್ಲಿ ಯಾರೂ ಕನ್ನಡದಲ್ಲಿ ಹೆಸರಿಡಲ್ಲವಲ್ಲ. ತನ್ನ ಟೂಲ್ ತಾನೇ ಬಳಸೋದು ಒಳ್ಳೆ ಪರೀಕ್ಷೆ, ನಿಜ. ಆದರೆ ಪ್ರಶ್ನೆಪತ್ರಿಕೆ ತೆಗೆದವರೂ ಉತ್ತರ ಬರೆದವರೂ ಒಬ್ಬರೇ ಆದಾಗ ಸಿಲಬಸ್ಸಿನ ಹೊರಗಿದ್ದದ್ದು ಹೊರಗೇ ಉಳಿಯುತ್ತೆ.

ಇದೇ ಹೊತ್ತಲ್ಲಿ ಸಾಂಸ್ಕೃತಿಕ ಕನ್ನಡ ಕ್ಲಾಸಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ವ್ಯಾಕರಣಗಳ ಬಗ್ಗೆ ಮಾತಾಡ್ತಿದ್ದರು. ಹದಿಮೂರನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದ. ಕನ್ನಡದ ವ್ಯಾಕರಣ, ಬರೆದದ್ದೂ ಕನ್ನಡದಲ್ಲೇ, ಕಂದಪದ್ಯಗಳಲ್ಲಿ. 1604ರಲ್ಲಿ ಭಟ್ಟಾಕಳಂಕ 'ಕರ್ಣಾಟಕ ಶಬ್ದಾನುಶಾಸನ' ಬರೆದ. ಅದೂ ಕನ್ನಡದ್ದೇ ವ್ಯಾಕರಣ, ಆದರೆ ಸೂತ್ರಗಳು ಸಂಸ್ಕೃತದಲ್ಲಿ. ಬೆಂಚಿನ ಕೆಳಗೆ ನಾವು ಮೂವರೂ ಒಬ್ಬರ ಕಾಲನ್ನೊಬ್ಬರು ತುಳಿದೆವು. ಒಂದು ತನ್ನ ಭಾಷೆಯಲ್ಲೇ ಬರೆದ ಕಂಪೈಲರ್, ಇನ್ನೊಂದು ಸಿ ಭಾಷೆಯಲ್ಲಿ ಬರೆದ ಪೈಥಾನ್!

ಇವೆರಡರಲ್ಲಿ ಯಾವುದು ಹೆಚ್ಚು ಕನ್ನಡದ್ದು? ಹಾಗೆ ಕೇಳೋದೇ ತಪ್ಪು ಅಂತ ಮೇಷ್ಟ್ರು ಅಂದರು. ಕೇಶಿರಾಜನಿಗೂ ಸಂಧಿ, ಸಮಾಸ, ವಿಭಕ್ತಿ ಅನ್ನೋ ಚೌಕಟ್ಟು ಬಂದದ್ದು ಸಂಸ್ಕೃತ ವ್ಯಾಕರಣದಿಂದಲೇ. ರಸ್ಟ್ ಕಂಪೈಲರ್ ರಸ್ಟ್‌ನಲ್ಲಿದ್ದರೂ ಕೊನೆಗೆ ಮಷಿನ್ ಕೋಡ್ ತಯಾರಿಸೋಕೆ ಸಿ ಪ್ಲಸ್ ಪ್ಲಸ್‌ನಲ್ಲಿರೋ ಎಲ್‌ಎಲ್‌ವಿಎಂ ಮೊರೆ ಹೋಗುತ್ತಲ್ಲ, ಹಾಗೆ. ಭಟ್ಟಾಕಳಂಕನ ಕೈಲಿದ್ದದ್ದು ಪಾಣಿನಿಯ ಕಾಲದಿಂದ ಮಸೆದು ಮಸೆದು ಹರಿತವಾದ ಸೂತ್ರದ ಉಪಕರಣ. ಅವನು ಅದನ್ನು ಕನ್ನಡಕ್ಕೇ ಬಳಸಿದ. ಆದರೆ ಕೇಶಿರಾಜನಲ್ಲಿ ನಮಗೆ ಬೇಕಾದ ಒಂದು ಅಂಶ ಇತ್ತು. ಹಳೆಗನ್ನಡದ 'ಮೞೆ'ಯಲ್ಲಿರೋ ೞ ಅನ್ನೋ ಅಕ್ಷರ ಯಾವ ಯಾವ ಪದಗಳಲ್ಲಿ ಬರುತ್ತೆ ಅಂತ ಅವನು ಕೂತು ಪಟ್ಟಿ ಮಾಡಿದ. ಆ ಅಕ್ಷರ ಸಂಸ್ಕೃತದಲ್ಲಿ ಇಲ್ಲ. ಚೌಕಟ್ಟು ಎಲ್ಲಿಂದಲಾದರೂ ಬರಲಿ, ಚೌಕಟ್ಟಿಗೆ ಸಿಗದ ತನ್ನ ಭಾಷೆಯ ಅಕ್ಷರವನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ.

ನಮ್ಮ ತೀರ್ಮಾನ ಇಲ್ಲಿಂದ ಹುಟ್ಟಿತು. ಭಾಷೆಯ ಕಂಪೈಲರ್ ಯಾವ ಭಾಷೆಯಲ್ಲಿರಬೇಕು ಅನ್ನೋದು ಮರ್ಯಾದೆಯ ಪ್ರಶ್ನೆ ಅಲ್ಲ. ಎಲ್ಲಿ ಒಳ್ಳೆ ಹೆಪ್ಪು ಸಿಗುತ್ತೋ ಅಲ್ಲಿಂದ ತರಬಹುದು. ಆದರೆ ಕಟ್ಟಿದವರು ತಮ್ಮ ಭಾಷೆಯಲ್ಲಿ ಏನನ್ನೂ ಬರೆಯದೆ ಕೂರೋ ಹಾಗೂ ಇಲ್ಲ. ಕನಿಷ್ಠ ಒಂದು ನಿಜವಾದ ಟೂಲ್ ಬರೀಬೇಕು, ಯಾರದ್ದಾದರೂ ದುಡ್ಡೋ ಅಂಕವೋ ಅದರ ಮೇಲೆ ನಿಂತಿರಬೇಕು. ಆ ಟೂಲ್ ಯಾವುದು ಅಂತ ಆರಿಸೋರು ಮಾತ್ರ ಭಾಷೆ ಕಟ್ಟಿದವರಲ್ಲ, ಭಾಷೆ ಯಾರಿಗಾಗಿ ಇದೆಯೋ ಅವರು.

ನಮ್ಮಲ್ಲಿ ಆರಿಸಿದ್ದು ಮೂರನೆಯವನು. ಮೆಸ್ ಬಿಲ್ ಅಂದ. ನಮ್ಮದು ಡಿವೈಡಿಂಗ್ ಸಿಸ್ಟಮ್: ತಿಂಗಳ ಖರ್ಚನ್ನು ಎಲ್ಲರ ಒಟ್ಟು ಹಾಜರಿ ದಿನಗಳಿಂದ ಭಾಗಿಸಿ, ಬಂದ ದಿನದ ದರವನ್ನು ಅವರವರ ದಿನಗಳಿಂದ ಗುಣಿಸೋದು. ಊರಿಗೆ ಹೋದವರ ಮೆಸ್ ಕಟ್, ಗೆಸ್ಟ್ ಕೂಪನ್ ಬೇರೆ. ಒಂದು ಎಕ್ಸೆಲ್ ಶೀಟ್‌ನ ಕೆಲಸ ಅಂತ ನೀವು ನಗಬಹುದು. ಆದರೆ ಅದನ್ನು ನಮ್ಮ ಭಾಷೆಯಲ್ಲಿ ಬರೆಯೋಕೆ ಕೂತ ಮೊದಲ ಸಂಜೆಯೇ ಫೈಲ್ ಓದೋ ಪದ ಬೇಕಾಯ್ತು. ಎರಡನೇ ಸಂಜೆ ದಿನಾಂಕ ಬೇಕಾಯ್ತು. ಮೂರನೇ ಸಂಜೆ ಪೈಸೆ ಬಂತು. ದಿನದ ದರವನ್ನು ರೂಪಾಯಿಗೆ ಸರಿಮಾಡಿದರೆ ಎಲ್ಲರ ಬಿಲ್ಲು ಕೂಡಿದಾಗ ತಿಂಗಳ ಖರ್ಚಿಗೆ ತಾಳೆಯಾಗಲ್ಲ, ಮೇಲೋ ಕೆಳಗೋ ಒಂದಿಷ್ಟು ರೂಪಾಯಿ ಜಾರುತ್ತೆ. ಪೈಸೆವರೆಗೂ ಹಿಡಿದಿಟ್ಟು ಕೊನೆಗೆ ಒಮ್ಮೆ ಮಾತ್ರ ಸರಿಮಾಡೋ ವ್ಯವಸ್ಥೆ ಬೇಕು ಅಂತ ಯಾವ ಸಿಲಬಸ್ಸೂ ನಮಗೆ ಹೇಳಿರಲಿಲ್ಲ, ಮೆಸ್ ಬಿಲ್ ಹೇಳಿತು. ಇವೆಲ್ಲ ಭಾಷೆಗೆ ಬಂದ ಮೇಲೆ ಮೊದಲ ವರ್ಷದವರಿಗೂ ಉಪಯೋಗಕ್ಕೆ ಬಂದವು. ಇಂಟರ್‌ಪ್ರಿಟರನ್ನು ಅದರಲ್ಲೇ ಬರೆದಿದ್ದರೆ ಡಿಕ್ಷನರಿ ಬರ್ತಿತ್ತು, ಪೈಸೆ ಬರ್ತಿರಲಿಲ್ಲ.

ಎರಡನೇ ಕೆಲಸ ಎರರ್ ಮೆಸೇಜ್‌ಗಳದ್ದು. ನಾವಿಬ್ಬರು ಬರೆದ ಒಂದು ವಾಕ್ಯ 'ಚರಕ್ಕೆ ಮೌಲ್ಯ ನಿಗದಿಯಾಗಿಲ್ಲ' ಅಂತ ಇತ್ತು. ಮೂರನೆಯವನು ಓದಿ, "ಇದು ಆಕಾಶವಾಣಿ ವಾರ್ತೆ ಥರ ಇದೆ ಮಾರಾಯ" ಅಂದ. ಅವನ ಗಣಿತ ಪುಸ್ತಕದಲ್ಲಿ ಎಕ್ಸ್‌ಗೆ ಇರೋದು 'ಬೆಲೆ'. ಈಗ ನಮ್ಮ ಭಾಷೆ ಹೇಳೋದು ಹೀಗೆ: '3ನೇ ಸಾಲಿನಲ್ಲಿ ಮೊತ್ತ ಅನ್ನೋ ಹೆಸರು ಬಂದಿದೆ, ಅದಕ್ಕೆ ಇನ್ನೂ ಬೆಲೆ ಕೊಟ್ಟಿಲ್ಲ.' ಇಂಗ್ಲಿಷ್ ಮೀಡಿಯಂನಿಂದ ಬಂದ ನಮ್ಮಿಬ್ಬರಿಗೆ ಈ ಎಂಟು ವಾರದಲ್ಲಿ ಕಂಪೈಲರ್ ಡಿಸೈನ್‌ಗಿಂತ ಹೆಚ್ಚಾಗಿ ಬಂದದ್ದು ಗಣಿತದ ಕನ್ನಡ. ಹನ್ನೆರಡು ವರ್ಷ ನಮ್ಮದಾಗದೆ ಉಳಿದಿದ್ದ ಪದಗಳು ಒಂದು ಪಾರ್ಸರ್ ನೆಪದಲ್ಲಿ ಕೈಗೆ ಬಂದವು.

ನಮ್ಮ ಸೀನಿಯರ್ ಹೇಳಿದ ಮಾತು ಪೂರ್ತಿ ಸುಳ್ಳು ಅಂತ ನಾವು ಅನ್ನಲ್ಲ. ನಮ್ಮಲ್ಲೇ ಒಬ್ಬ ಈಗಲೂ ಅವರ ಪಕ್ಷ. ಒಂದಲ್ಲ ಒಂದು ದಿನ ಈ ಭಾಷೆಯನ್ನು ಈ ಭಾಷೆಯಲ್ಲೇ ಬರೀಲೇಬೇಕು, ಇಲ್ಲದಿದ್ದರೆ ಪೈಥಾನ್ ಎಲ್ಲಿಗೆ ಕರೆದುಕೊಂಡು ಹೋಗುತ್ತೋ ಅಲ್ಲಿಗೆ ನಾವೂ ಹೋಗ್ತಿರ್ತೀವಿ ಅನ್ನೋದು ಅವನ ವಾದ. ಸೆಮಿಸ್ಟರ್ ರಜೆಯಲ್ಲಿ ಬರ್ಕೋ ಮಾರಾಯ ಅಂತ ಉಳಿದಿಬ್ಬರೂ ಒಪ್ಪಿಗೆ ಕೊಟ್ಟಿದ್ದೇವೆ. ಮೊದಲು ಮನೆಯಲ್ಲಿ ಹಾಲು ಇರಲಿ, ಹೆಪ್ಪಿನ ಸ್ವಾವಲಂಬನೆ ಆಮೇಲೆ.

ಕಳೆದ ತಿಂಗಳ ನಮ್ಮ ಬ್ಲಾಕಿನ ಮೆಸ್ ಬಿಲ್ಲನ್ನು ಮೆಸ್ ಸೆಕ್ರೆಟರಿ ತಮ್ಮ ಎಕ್ಸೆಲ್ ಶೀಟ್ ಜೊತೆಗೆ ನಮ್ಮ ಪ್ರೋಗ್ರಾಂನಲ್ಲೂ ಓಡಿಸಿ ನೋಡಿದರು. ಎರಡೂ ತಾಳೆಯಾದವು. ಕೋಡ್ 60 ಸಾಲು, ಎಲ್ಲ ಕನ್ನಡದಲ್ಲಿದೆ. ಓದೋಕೆ ಕಂಪ್ಯೂಟರ್ ಸೈನ್ಸ್ ಬೇಕಿಲ್ಲ, ಸಿವಿಲ್‌ನವರೂ ಬರಬಹುದು, ಮೆಕ್ಯಾನಿಕಲ್‌ನವರೂ ಬರಬಹುದು. ಶನಿವಾರ ಮಧ್ಯಾಹ್ನ ಕನ್ನಡ ಸಂಘದ ರೂಮಿನಲ್ಲಿ ಇರ್ತೀವಿ. ನಿಮ್ಮ ಡಿಪಾರ್ಟ್‌ಮೆಂಟಿನ ಯಾವುದಾದರೂ ಒಂದು ಬೇಸರದ ಲೆಕ್ಕ ತಗೊಂಡು ಬನ್ನಿ: ಅಟೆಂಡೆನ್ಸ್, ಸರ್ವೇ ಲೆವೆಲ್ಲಿಂಗ್, ಏನಾದರೂ ಸರಿ. ವೇರಿಯಬಲ್‌ಗಳಿಗೆ ನಿಮ್ಮ ಊರಲ್ಲಿ ಏನಂತಾರೋ ಅದೇ ಹೆಸರಿಡಿ. ನಮ್ಮಲ್ಲಿ 'ದುಡ್ಡು' ಓಡುತ್ತೆ. 'ರೊಕ್ಕ'ನೂ ಓಡುತ್ತೆ.